ಎಂಜಿನ್ನಿನ ಕಿಟ್ಟ, ಮೆಕ್ಯಾನಿಕ್ಕನ ಕೈ

ಸೌದೆ ಒಲೆಯ ಕಾಲದಲ್ಲಿ ನಮ್ಮ ಅಡುಗೆಮನೆಗಳಲ್ಲಿ ಒಂದು ಪದ್ಧತಿ ಇತ್ತು. ಪಾತ್ರೆಯನ್ನು ಒಲೆಯ ಮೇಲಿಡುವ ಮೊದಲು ಅದರ ಹೊರತಳಕ್ಕೆ ನೀರಿನಲ್ಲಿ ಕಲಸಿದ ಬೂದಿಯನ್ನೋ ಮಣ್ಣನ್ನೋ ತೆಳ್ಳಗೆ ಬಳಿಯುತ್ತಿದ್ದರು. ಅಡುಗೆ ಮುಗಿಯುವ ಹೊತ್ತಿಗೆ ಮಸಿಯೆಲ್ಲ ಆ ಲೇಪದ ಮೇಲೆ ಕೂತಿರುತ್ತಿತ್ತು. ನೀರು ಹಾಕಿ ಉಜ್ಜಿದರೆ ಲೇಪದ ಜತೆಗೇ ಮಸಿಯೂ ಹೋಗುತ್ತಿತ್ತು. ಬಳಿಯಲು ಮರೆತ ದಿನ ಮಾತ್ರ ತೆಂಗಿನ ನಾರು, ಹುಣಸೆಹಣ್ಣು, ಇದ್ದಿಲ ಪುಡಿ ಎಲ್ಲ ಹಿಡಿದು ತಿಕ್ಕಿದರೂ ತಳದ ಕಪ್ಪು ಪೂರ್ತಿ ಬಿಡುತ್ತಿರಲಿಲ್ಲ.

ಮೋಟಾರು ವಾಹನದ ಎಂಜಿನ್ನೂ ಒಂದು ಬಗೆಯ ಒಲೆಯೇ. ವ್ಯತ್ಯಾಸವೆಂದರೆ ಅಲ್ಲಿ ಉರಿಯುವುದು ಪಾತ್ರೆಯ ಹೊರಗಲ್ಲ, ಒಳಗೆ. ಆದ್ದರಿಂದ ಮಸಿ ಹಿಡಿಯುವುದೂ ಒಳಗೇ. ಈ ಮಸಿಯನ್ನು ಬಿಡಿಸುವುದಕ್ಕಾಗಿ ಕಳೆದ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮನುಷ್ಯ ಕೆರೆದಿದ್ದಾನೆ, ಸುಟ್ಟಿದ್ದಾನೆ, ಬಗೆಬಗೆಯ ರಾಸಾಯನಿಕಗಳಲ್ಲಿ ನೆನೆಹಾಕಿದ್ದಾನೆ. ಗ್ಯಾರೇಜಿನ ಮೂಲೆಯ ಆ ಕಪ್ಪು ಡಬ್ಬದ ಕಥೆ ಯಾವ ಚರಿತ್ರೆಯ ಪುಸ್ತಕದಲ್ಲೂ ದೊಡ್ಡದಾಗಿ ಬರುವುದಿಲ್ಲ. ಆದರೆ ನಾವು ಯಾವುದನ್ನು ಬೆಲೆಬಾಳುವುದು ಎಂದುಕೊಂಡೆವು, ಯಾವುದನ್ನು ಹಾಗೆ ಎಣಿಸಲಿಲ್ಲ ಎಂಬುದನ್ನು ಆ ಕಥೆ ಚೆನ್ನಾಗಿ ಹೇಳುತ್ತದೆ.

ಕಿಟ್ಟ ಎಂದರೇನು?

ಪೆಟ್ರೋಲು, ಡೀಸೆಲ್ ಎರಡೂ ಇಂಗಾಲ ಮತ್ತು ಜಲಜನಕ ಸೇರಿ ಆದ ವಸ್ತುಗಳು. ಸಾಕಷ್ಟು ಗಾಳಿ ಸಿಕ್ಕಿ ಪೂರ್ತಿ ಉರಿದರೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ. ಆದರೆ ಎಂಜಿನ್ನಿನಲ್ಲಿ ಒಂದೊಂದು ಸಲದ ಉರಿಗೂ ಸಿಗುವ ಸಮಯ ಸೆಕೆಂಡಿನ ಸಣ್ಣ ಭಿನ್ನಾಂಕ. ಅಷ್ಟರಲ್ಲಿ ಎಲ್ಲವೂ ಉರಿಯುವುದಿಲ್ಲ. ಪಿಸ್ಟನ್ ಉಂಗುರಗಳ ಸಂದಿನಿಂದ ನುಸುಳಿದ ಎಣ್ಣೆಯೂ ಅರೆಬರೆ ಬೇಯುತ್ತದೆ. ಹೀಗೆ ಉಳಿದ ಇಂಗಾಲದ ಕಣಗಳು ಬೆಂದ ಎಣ್ಣೆಯ ಅಂಟಿನ ಜತೆ ಸೇರಿ ಪಿಸ್ಟನ್ನಿನ ತಲೆ, ವಾಲ್ವು, ಉಂಗುರದ ಗಾಡಿಗಳಲ್ಲಿ ಪದರ ಪದರವಾಗಿ ಕೂರುತ್ತವೆ. ನಮ್ಮ ಹಳ್ಳಿಗಳಲ್ಲಿ ಗಾಡಿಯ ಅಚ್ಚಿಗೆ ಅಂಟಿದ ಕಪ್ಪು ಎಣ್ಣೆಗೆ ಕೀಲೆಣ್ಣೆ ಕಿಟ್ಟ ಎನ್ನುತ್ತೇವಲ್ಲ, ಇದು ಅದೇ ಕಿಟ್ಟ ಕೆಂಡದಲ್ಲಿ ಸುಟ್ಟು ಕಲ್ಲಾದಂತೆ.

ಕಿಟ್ಟ ಹೆಚ್ಚಾದರೆ ಸಿಲಿಂಡರಿನ ಒಳಗಿನ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಕೆಂಪಗೆ ಕಾದ ಕಿಟ್ಟದ ಮೊನೆ ತಾನೇ ಕಿಡಿಯಾಗಿ, ಪ್ಲಗ್ಗು ಕಿಡಿ ಹಾರಿಸುವುದಕ್ಕೆ ಮೊದಲೇ ಇಂಧನಕ್ಕೆ ಬೆಂಕಿ ಹಚ್ಚುತ್ತದೆ. ಎಂಜಿನ್ನು ಟಕಟಕನೆ ಬಡಿದುಕೊಳ್ಳತೊಡಗುತ್ತದೆ. ಉಂಗುರಗಳು ಹಿಡಿದುಕೊಂಡರೆ ಎಣ್ಣೆ ಇನ್ನಷ್ಟು ಮೇಲೆ ಬರುತ್ತದೆ, ಕಿಟ್ಟ ಇನ್ನಷ್ಟು ಬೆಳೆಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. 'ಕಾರ್ಬನ್ ಕರಗಿಸುವ ದ್ರಾವಣ' ಎಂದು ಗ್ಯಾರೇಜುಗಳಲ್ಲಿ ಹೇಳುವುದು ರೂಢಿ. ಆದರೆ ಇಂಗಾಲ ಯಾವ ಸಾಮಾನ್ಯ ದ್ರಾವಣದಲ್ಲೂ ಕರಗುವುದಿಲ್ಲ. ದ್ರಾವಣ ಕರಗಿಸುವುದು ಅಥವಾ ಉಬ್ಬಿಸುವುದು ಕಣಗಳನ್ನು ಹಿಡಿದಿಟ್ಟ ಅಂಟನ್ನು. ಗಾರೆ ಸಡಿಲವಾದರೆ ಇಟ್ಟಿಗೆ ತಾನೇ ಬೀಳುವಂತೆ, ಅಂಟು ಬಿಟ್ಟರೆ ಇಂಗಾಲ ಉದುರುತ್ತದೆ. ಆಮೇಲೆ ಬ್ರಶ್ಶು ಹಿಡಿಯಲೇಬೇಕು. ರಾಸಾಯನಿಕ ಸ್ನಾನದ ಚರಿತ್ರೆಯೆಲ್ಲ ಈ ಅಂಟಿಗೆ ತಕ್ಕ ಮದ್ದನ್ನು ಹುಡುಕಿದ ಚರಿತ್ರೆ.

ಕೆರೆದರು, ಸುಟ್ಟರು

ಮೊದಲ ಮೋಟಾರುಗಳ ಕಾಲದಲ್ಲಿ ಕೆಲವು ಸಾವಿರ ಮೈಲಿಗೊಮ್ಮೆ ಎಂಜಿನ್ ಬಿಚ್ಚಿ ಕಿಟ್ಟ ಕೆರೆಯುವುದು ಮಾಲೀಕನ ಮಾಮೂಲು ಕೆಲಸವಾಗಿತ್ತು. ಇಂಗ್ಲೆಂಡಿನಲ್ಲಿ ಇದಕ್ಕೆ 'ಡೀಕೋಕ್' ಎಂಬ ಹೆಸರು ಬಿತ್ತು. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿನ ಒಂದು ದೊಡ್ಡ ಅನುಕೂಲವೆಂದರೆ ಅದರ ಸಿಲಿಂಡರ್ ಹೆಡ್ಡನ್ನು ಬೋಲ್ಟು ಬಿಚ್ಚಿ ಮೇಲಕ್ಕೆತ್ತಬಹುದಾಗಿತ್ತು. ಕಿಟ್ಟ ಕೆರೆಯುವವನಿಗೆ ಅದೇ ಒಂದು ವರ.

ಎಂಜಿನ್ ಬಿಚ್ಚಲು ಬೇಸರಪಟ್ಟವರು ರಾತ್ರಿ ಪ್ಲಗ್ಗಿನ ರಂಧ್ರದಿಂದ ಸೀಮೆಎಣ್ಣೆ ಸುರಿದು ಬೆಳಿಗ್ಗೆ ಗಾಡಿ ಚಾಲೂ ಮಾಡುತ್ತಿದ್ದರು. ಇದನ್ನು ರಾಸಾಯನಿಕ ನೆನೆಹಾಕುವಿಕೆಯ ಮೂಲರೂಪ ಎನ್ನಬಹುದು. 1910ರ ದಶಕದಲ್ಲಿ ಅಮೆರಿಕದ ಗ್ಯಾರೇಜುಗಳಲ್ಲಿ ಇನ್ನೂ ಸಾಹಸದ ವಿಧಾನವೊಂದು ಚಾಲ್ತಿಗೆ ಬಂತು. ಪ್ಲಗ್ಗು ತೆಗೆದು, ತಾಮ್ರದ ಕೊಳವೆಯಿಂದ ಸಿಲಿಂಡರಿಗೆ ಶುದ್ಧ ಆಮ್ಲಜನಕ ಬಿಟ್ಟು ಕಿಟ್ಟಕ್ಕೆ ಬೆಂಕಿ ಹಚ್ಚುವುದು. ರಂಧ್ರದಿಂದ ಕಿಡಿಗಳ ಹೂಬಾಣವೇ ಹಾರುತ್ತಿತ್ತು. ಪೆಟ್ರೋಲು ಟ್ಯಾಂಕು ಪಕ್ಕದಲ್ಲೇ ಇರುವ ವಾಹನಕ್ಕೆ ಇದು ಎಂಥ ಚಿಕಿತ್ಸೆ ಎಂಬುದನ್ನು ಓದುಗರೇ ಊಹಿಸಬಹುದು.

ಬೂದಿನೀರಿನ ಮೊಮ್ಮಗ

ಎಂಜಿನ್ ಭಾಗಗಳನ್ನು ತೊಟ್ಟಿಯಲ್ಲಿ ನೆನೆಹಾಕುವ ಪದ್ಧತಿ ಬಂದಾಗ ಮೊದಲು ಕೈಗೆ ಸಿಕ್ಕಿದ್ದು ಕಾಸ್ಟಿಕ್ ಸೋಡಾ. ಇದು ನಮಗೆ ಅಪರಿಚಿತವಾದ ವಸ್ತುವಲ್ಲ. ಬೂದಿ ನೆನೆಸಿದ ನೀರಿನಲ್ಲೂ, ಮಡಿವಾಳರು ಬಟ್ಟೆ ಬೇಯಿಸಲು ಬಳಸುತ್ತಿದ್ದ ಸವುಳು ಮಣ್ಣಿನಲ್ಲೂ ಇರುವುದು ಇದೇ ಜಾತಿಯ ಕ್ಷಾರಗಳು. ಕ್ಷಾರವು ಜಿಡ್ಡಿನ ಜತೆ ಸೇರಿದರೆ ಸಾಬೂನಾಗುತ್ತದೆ. ಸಾಬೂನು ನೀರಿನಲ್ಲಿ ಹರಿದುಹೋಗುತ್ತದೆ.

1791ರಲ್ಲಿ ಫ್ರಾನ್ಸಿನ ನಿಕೊಲಾ ಲೆಬ್ಲಾಂ ಉಪ್ಪಿನಿಂದ ಸೋಡಾ ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. 1890ರ ದಶಕದಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ನೇರವಾಗಿ ಕಾಸ್ಟಿಕ್ ಸೋಡಾ ಪಡೆಯುವ ಉದ್ಯಮ ಬೆಳೆಯಿತು. ಮೋಟಾರು ಬರುವ ಹೊತ್ತಿಗೆ ಅದು ಎಲ್ಲೆಡೆ ಅಗ್ಗವಾಗಿ ಸಿಗುತ್ತಿತ್ತು. ದೊಡ್ಡ ಕಬ್ಬಿಣದ ತೊಟ್ಟಿಯಲ್ಲಿ ಕಾಸ್ಟಿಕ್ ನೀರನ್ನು ಕುದಿಯ ಹತ್ತಿರಕ್ಕೆ ಕಾಯಿಸಿ, ಬೀಡು ಕಬ್ಬಿಣದ ಸಿಲಿಂಡರ್ ಬ್ಲಾಕನ್ನು ಸರಪಳಿಯಲ್ಲಿ ಕಟ್ಟಿ ಇಳಿಬಿಟ್ಟರೆ ಎಣ್ಣೆ, ಬಣ್ಣ, ಕಿಟ್ಟ ಎಲ್ಲ ಸಡಿಲವಾಗುತ್ತಿತ್ತು. ಕಬ್ಬಿಣಕ್ಕೆ ಏನೂ ಆಗುತ್ತಿರಲಿಲ್ಲ. ಕೆಲಸಗಾರನ ಕೈಗೆ ಮಾತ್ರ ಆಗುತ್ತಿತ್ತು.

ಕ್ಷಾರದ ಸುಟ್ಟಗಾಯ ಮೋಸದ ಗಾಯ. ಆಮ್ಲ ಬಿದ್ದರೆ ಕೂಡಲೇ ಉರಿದು ಎಚ್ಚರಿಸುತ್ತದೆ. ಕಾಸ್ಟಿಕ್ ಬಿದ್ದರೆ ಮೊದಲು ಕೈ ಸಾಬೂನು ಹಚ್ಚಿದಂತೆ ಜಾರುತ್ತದೆ ಅಷ್ಟೆ. ಅದು ಬರೀ ಹಾಗೆ ಅನಿಸುವುದಲ್ಲ. ಚರ್ಮದೊಳಗಿನ ಕೊಬ್ಬೇ ಸಾಬೂನಾಗುತ್ತಿರುತ್ತದೆ. ನೋವು ತಿಳಿಯುವ ಹೊತ್ತಿಗೆ ಗಾಯ ಆಳಕ್ಕೆ ಇಳಿದಿರುತ್ತದೆ. ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು.

ಕಾಗದದೊತ್ತು ತಂದ ಬದಲಾವಣೆ

ಕಾಸ್ಟಿಕ್ ತೊಟ್ಟಿಯ ಆಳ್ವಿಕೆಗೆ ಪೆಟ್ಟು ಬಿದ್ದದ್ದು ಕೈ ಸುಟ್ಟಿತೆಂಬ ಕಾರಣಕ್ಕಲ್ಲ, ಲೋಹ ಬದಲಾಯಿತೆಂಬ ಕಾರಣಕ್ಕೆ. 1913ರಲ್ಲಿ ಇಂಗ್ಲೆಂಡಿನ ಡಬ್ಲ್ಯು.ಒ. ಬೆಂಟ್ಲಿ ತಾನು ಮಾರುತ್ತಿದ್ದ ಡಿ.ಎಫ್.ಪಿ. ಕಾರುಗಳ ಫ್ರಾನ್ಸಿನ ಕಾರ್ಖಾನೆಗೆ ಹೋಗಿದ್ದಾಗ ಅಲ್ಲಿನ ಮೇಜಿನ ಮೇಲೆ ಪಿಸ್ಟನ್ನಿನ ಆಕಾರದ ಅಲ್ಯುಮಿನಿಯಂ ಕಾಗದದೊತ್ತೊಂದನ್ನು ಕಂಡ. ನಿಜವಾದ ಪಿಸ್ಟನ್ನನ್ನೇ ಇದರಿಂದ ಏಕೆ ಮಾಡಬಾರದು ಎಂದು ಅವನಿಗೆ ಹೊಳೆಯಿತು. ತಾಮ್ರ ಬೆರೆಸಿದ ಅಲ್ಯುಮಿನಿಯಂ ಪಿಸ್ಟನ್ನುಗಳನ್ನು ತನ್ನ ಕಾರಿಗೆ ಹಾಕಿಸಿ ಪಂದ್ಯಗಳಲ್ಲಿ ಓಡಿಸಿದ. ಮೊದಲ ಮಹಾಯುದ್ಧದ ವಿಮಾನ ಎಂಜಿನ್ನುಗಳಿಗೂ ಆ ಜ್ಞಾನ ಹರಿಯಿತು. ಮುಂದಿನ ದಶಕಗಳಲ್ಲಿ ಪಿಸ್ಟನ್, ಸಿಲಿಂಡರ್ ಹೆಡ್ಡು, ಕಾರ್ಬುರೇಟರು ಒಂದೊಂದಾಗಿ ಹಗುರ ಲೋಹಕ್ಕೆ ತಿರುಗಿದವು.

ಅಲ್ಯುಮಿನಿಯಂ ಪಾತ್ರೆಯಲ್ಲಿ ಸೋಡಾ ಹಾಕಿ ಕುದಿಸಿ ಕೆಡಿಸಿಕೊಂಡ ಗೃಹಿಣಿಯರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ. ಗುಳ್ಳೆಗುಳ್ಳೆಯಾಗಿ ಜಲಜನಕ ಹೊರಬರುತ್ತದೆ, ಅದು ಕಿಡಿ ತಾಗಿದರೆ ಸಿಡಿಯುವ ಅನಿಲ. ಕಬ್ಬಿಣದ ಬ್ಲಾಕಿನ ಜತೆ ಮರೆತು ತೊಟ್ಟಿಗಿಳಿಸಿದ ಅಲ್ಯುಮಿನಿಯಂ ಪಿಸ್ಟನ್ನು ಬೆಳಗಾಗುವಷ್ಟರಲ್ಲಿ ಗುರುತು ಸಿಗದಂತಾಗುತ್ತಿತ್ತು. ಹೊಸ ಲೋಹಕ್ಕೆ ಹೊಸ ಸ್ನಾನ ಬೇಕಾಯಿತು.

ಈ ಹುಡುಕಾಟಕ್ಕೆ ಒದಗಿದ್ದು ಕಲ್ಲಿದ್ದಲು ಟಾರು. ಜರ್ಮನಿಯ ರುಂಗೆ 1834ರಲ್ಲಿ ಟಾರಿನಿಂದ ಕಾರ್ಬಾಲಿಕ್ ಆಮ್ಲವನ್ನು ಬೇರ್ಪಡಿಸಿದ್ದ. ಅದರ ದಾಯಾದಿಗಳಾದ ಕ್ರೆಸಾಲ್‌ಗಳ ಮಿಶ್ರಣಕ್ಕೆ ಕ್ರೆಸಿಲಿಕ್ ಆಮ್ಲವೆಂದು ಹೆಸರು. ಹಳೆಯ ಕಾಲದ ಕರಿ ಫಿನಾಯಿಲಿನ ವಾಸನೆ ನೆನಪಿರುವವರಿಗೆ ಇದರ ವಾಸನೆಯೂ ಗೊತ್ತು. ಇದು ಅಲ್ಯುಮಿನಿಯಮ್ಮಿಗೆ ಕಾಸ್ಟಿಕ್ಕಿನಂತೆ ಹಾನಿ ಮಾಡದೆ ಬೆಂದ ಎಣ್ಣೆಯ ಅಂಟನ್ನು ಸಡಿಲಗೊಳಿಸುತ್ತದೆ. ಇದಕ್ಕೆ ಜೊತೆಯಾದದ್ದು ಮೆಥಿಲೀನ್ ಕ್ಲೋರೈಡ್. ಬಣ್ಣ, ಅರಗು, ಅಂಟು ಯಾವುದರೊಳಕ್ಕಾದರೂ ನುಗ್ಗಿ ಉಬ್ಬಿಸುವ ಈ ದ್ರವ ಬೆಂಕಿಗೂ ಸುಲಭವಾಗಿ ಬಗ್ಗದು. ಇವೆರಡನ್ನು ಬೆರೆಸಿದ ಡಬ್ಬ, ಅದರೊಳಗೆ ಇಳಿಬಿಡಲು ಜಾಲರಿ ಬುಟ್ಟಿ: ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಅಮೆರಿಕದ ಗ್ಯಾರೇಜುಗಳ ಸಾಮಾನ್ಯ ಸಾಮಗ್ರಿ ಇದಾಗಿತ್ತು. ಕಾರ್ಬುರೇಟರನ್ನು ಬಿಚ್ಚಿ ಅದರಲ್ಲಿ ಮುಳುಗಿಸಿಟ್ಟು ಮಾರನೆಯ ದಿನ ತೊಳೆದರೆ ಸೂಜಿಗಾತ್ರದ ಜೆಟ್ಟುಗಳೂ ಹೊಳೆಯುತ್ತಿದ್ದವು.

ಆ ಡಬ್ಬದಲ್ಲಿ ಒಂದು ಜಾಣ್ಮೆ ಇತ್ತು. ಮೆಥಿಲೀನ್ ಕ್ಲೋರೈಡ್ ಕುದಿಯುವುದು ಸುಮಾರು 40 ಡಿಗ್ರಿಯಲ್ಲಿ. ರಾಯಚೂರಿನ ಬೇಸಿಗೆ ಮಧ್ಯಾಹ್ನ ಬಾಯಿ ತೆರೆದಿಟ್ಟರೆ ತಾನಾಗಿ ಕುದ್ದು ಹೋಗುವ ಪದಾರ್ಥ ಅದು. ಆದರೆ ನೀರಿಗಿಂತ ಮೂರನೇ ಒಂದು ಪಾಲು ಹೆಚ್ಚು ಭಾರ. ಆದ್ದರಿಂದ ಡಬ್ಬಕ್ಕೆ ಸ್ವಲ್ಪ ನೀರು ಸುರಿದರೆ ಅದು ಮೇಲೆ ತೇಲಿ ಮುಚ್ಚಳದಂತೆ ಆವಿಯನ್ನು ತಡೆಯುತ್ತಿತ್ತು. ದ್ರಾವಣ ಹಾಳಾಗದಿರಲು ಮಾಡಿದ ಏರ್ಪಾಡು ಇದು. ಬುಟ್ಟಿ ಎತ್ತುವಾಗ ನೀರಿನ ಮುಚ್ಚಳ ಒಡೆದು ಆವಿ ನೇರ ಬಗ್ಗಿದವನ ಮುಖಕ್ಕೇ ಬರುತ್ತಿತ್ತು.

ಇದೇ ಸುಮಾರಿಗೆ ಭಾಷೆಗೂ ಒಂದು ಮಾತು ಸೇರಿತು. ಅಮೆರಿಕದ ಕಂಪನಿಯೊಂದು 1932ರಲ್ಲಿ 'ಗಂಕ್' ಎಂಬ ಹೆಸರಿನಲ್ಲಿ ಮಂದವಾದ ದ್ರವ ಸಾಬೂನನ್ನು ತಂದಿತು. ಜಿಡ್ಡು ತೊಳೆಯುವ ವಸ್ತುವಿನ ಆ ಹೆಸರು ಕ್ರಮೇಣ ಇಂಗ್ಲಿಷಿನಲ್ಲಿ ಜಿಡ್ಡಿಗೇ ಹೆಸರಾಯಿತು.

ಬೆಂಗಳೂರು, ಮೈಸೂರು

ಯುದ್ಧಕಾಲದ ಎಂಜಿನ್ ಶುದ್ಧಿಗೆ ಬೆಂಗಳೂರೂ ಸಾಕ್ಷಿಯಾಗಿತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ನಿರ್ವಹಣೆಗೆ ಹೋಗಿ, ಮಿತ್ರಪಕ್ಷಗಳ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಡಿಪೋ ಆಯಿತು. ಕ್ಯಾಟಲಿನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಬಂದಿಳಿಯುತ್ತಿದ್ದವು. ಅಂಥ ಒಂದು ವಿಮಾನಕ್ಕೆ ಎರಡು ಎಂಜಿನ್, ಒಂದೊಂದರಲ್ಲಿ 14 ಸಿಲಿಂಡರ್. ಒಂದು ವಿಮಾನದ ಎಂಜಿನ್ನುಗಳನ್ನು ಪೂರ್ತಿ ಬಿಚ್ಚಿದರೆ ಕಿಟ್ಟ ಹಿಡಿದ 28 ಪಿಸ್ಟನ್ನುಗಳು. ಅವುಗಳಲ್ಲಿ ಬಿರುಕಿದೆಯೇ ಎಂದು ನೋಡಬೇಕಾದರೆ ಮೊದಲು ಕಿಟ್ಟ ಹೋಗಬೇಕು. ಕೆರೆದರೆ ಗೀರು ಬೀಳುತ್ತದೆ, ಆ ಗೀರೇ ಮುಂದೆ ಬಿರುಕಾಗಬಹುದು. ವಿಮಾನದ ಎಂಜಿನ್ನಿಗೆ ನೆನೆಹಾಕುವ ಪದ್ಧತಿ ಅನಿವಾರ್ಯವಾದದ್ದು ಈ ಕಾರಣಕ್ಕೆ.

ಸಾಮಾನ್ಯ ಕನ್ನಡಿಗನಿಗೆ ಈ ವಿದ್ಯೆ ಪರಿಚಯವಾದದ್ದು ಮೈಸೂರಿನ ಜಾವಾದಿಂದ. ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಆಮೇಲೆ ಯೆಜ್ಡಿ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಇವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಿ ಸುಡಬೇಕು. ಲೀಟರಿಗೆ ಮೂವತ್ತು ನಲವತ್ತು ಮಿಲಿಲೀಟರ್ ಎಣ್ಣೆ ಸುಟ್ಟರೆ ಕಿಟ್ಟ ಬಾರದೆ ಇರುತ್ತದೆಯೇ? ಸೈಲೆನ್ಸರು ತುಂಬಿ ಹೊಗೆ ಹೋಗಲು ದಾರಿ ಇಲ್ಲದಾದಾಗ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿತ್ತು. 'ಕಾರ್ಬನ್ ಹಿಡಿದಿದೆ ಸಾರ್, ಡೀಕಾರ್ಬನ್ ಮಾಡಿಸಬೇಕು' ಎಂಬ ಮಾತು ಕೇಳದ ಯೆಜ್ಡಿ ಮಾಲೀಕನಿರಲಿಲ್ಲ. ಲ್ಯಾಂಬ್ರೆಟಾ, ರಾಜದೂತ್, ಬಜಾಜ್ ಸ್ಕೂಟರು, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಎಲ್ಲದರ ಕಥೆಯೂ ಇಷ್ಟೇ.

ಗ್ಯಾರೇಜಿನವರ ಚಿಕಿತ್ಸೆ ಹಳೆಯದೇ. ಸೈಲೆನ್ಸರಿನ ಒಂದು ಬಾಯಿಗೆ ಮರದ ಬಿರಡೆ ಜಡಿದು, ನೆಟ್ಟಗೆ ನಿಲ್ಲಿಸಿ, ಕಾಸ್ಟಿಕ್ ಸೋಡಾ ಕರಗಿಸಿದ ನೀರು ತುಂಬಿ ರಾತ್ರಿಯಿಡೀ ಬಿಡುವುದು. ಬೆಳಿಗ್ಗೆ ಕಪ್ಪು ಕಷಾಯವನ್ನು ಚರಂಡಿಗೆ ಚೆಲ್ಲಿ ನೀರಿನಲ್ಲಿ ಜಾಲಾಡಿಸುವುದು. ಸೈಲೆನ್ಸರು ಉಕ್ಕಿನದಾದ್ದರಿಂದ ಲೋಹಕ್ಕೆ ಚಿಂತೆಯಿಲ್ಲ. ಅಲ್ಯುಮಿನಿಯಂ ಪಿಸ್ಟನ್ನನ್ನು ಮಾತ್ರ ಅದರ ಹತ್ತಿರಕ್ಕೂ ಸುಳಿಯಗೊಡುತ್ತಿರಲಿಲ್ಲ. ಅದನ್ನು ಪೆಟ್ರೋಲಿನಲ್ಲಿ ನೆನೆಸಿ ಹಳೆಯ ಉಂಗುರದ ಚೂರಿನಿಂದ ಹುಷಾರಾಗಿ ಕೆರೆಯುತ್ತಿದ್ದರು. ಸೋಡಾ ಕದಡುವುದಕ್ಕೂ ಕ್ರಮವಿದೆ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಹಳೆಯ ಮೇಸ್ತ್ರಿಗಳು ಇದನ್ನು ಯಾವ ಪುಸ್ತಕ ಓದದೆ ಬಲ್ಲವರಾಗಿದ್ದರು. ಆದರೆ ಎಷ್ಟೋ ಕಡೆ ಸೋಡಾ ಕದಡುವ ಕೆಲಸ ಬೀಳುತ್ತಿದ್ದುದು ಮೇಸ್ತ್ರಿಯ ಪಾಲಿಗಲ್ಲ, ಸ್ಪ್ಯಾನರ್ ಎತ್ತಿಕೊಡಲು ಬಂದ ಹುಡುಗನ ಪಾಲಿಗೆ.

ಲೆಕ್ಕಕ್ಕೆ ಬಾರದ ಕೈ

ಈ ಚರಿತ್ರೆಯಲ್ಲಿ ಎದ್ದು ಕಾಣುವ ಸಂಗತಿ ಇದೇ. ಅಲ್ಯುಮಿನಿಯಮ್ಮಿಗೆ ಹಾನಿಯಾಗುತ್ತದೆ ಎಂದಾಗ ದ್ರಾವಣ ಬದಲಾಯಿತು. ಮನುಷ್ಯನಿಗೆ ಹಾನಿಯಾಗುತ್ತದೆ ಎಂದು ಗೊತ್ತಾದ ಮೇಲೆ ಅದು ಬದಲಾಗಲು ಅರ್ಧ ಶತಮಾನ ಹಿಡಿಯಿತು.

ಮೆಥಿಲೀನ್ ಕ್ಲೋರೈಡ್ ಆವಿಯನ್ನು ಉಸಿರಾಡಿದರೆ ದೇಹದೊಳಗೆ ಅದು ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 1972ರಲ್ಲಿ ಪ್ರಕಟಿಸಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರನ್ನು ಕೊಲ್ಲುವ ಅನಿಲವೇ ಅದು. ಎಂಜಿನ್ನಿನ ಇಂಗಾಲ ಬಿಡಿಸುವವನ ರಕ್ತಕ್ಕೇ ಇಂಗಾಲದ ವಿಷ ಸೇರುತ್ತಿತ್ತು. 1986ರಲ್ಲಿ ಅಮೆರಿಕದ ವಿಷಶಾಸ್ತ್ರ ಕಾರ್ಯಕ್ರಮದ ವರದಿ ಇಲಿಗಳಲ್ಲಿ ಅದು ಕ್ಯಾನ್ಸರ್ ತರುವುದನ್ನು ದಾಖಲಿಸಿತು. ಆ ದೇಶದಲ್ಲಿ ಕೆಲಸದ ಜಾಗದ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 500 ಭಾಗದವರೆಗೆ ಇರಬಹುದು ಎಂದಿದ್ದ ಮಿತಿ 1997ರಲ್ಲಿ 25ಕ್ಕೆ ಇಳಿಯಿತು. 2024ರ ನಿಯಮವು ಜನಸಾಮಾನ್ಯರಿಗೆ ಮಾರುವುದನ್ನೂ ಉದ್ಯಮದ ಹೆಚ್ಚಿನ ಬಳಕೆಗಳನ್ನೂ ನಿಷೇಧಿಸುವ ನಿರ್ಧಾರ ಮಾಡಿ, ಉಳಿದ ಬಳಕೆಗಳಿಗೆ ಮಿತಿಯನ್ನು 2 ಭಾಗವೆಂದು ಗೊತ್ತುಮಾಡಿತು. 500ರಿಂದ 2ಕ್ಕೆ ಇಳಿದ ಈ ಲೆಕ್ಕದ ನಡುವೆ ಎಷ್ಟು ಮಂದಿ ಡಬ್ಬದ ಮೇಲೆ ಬಗ್ಗಿದ್ದರೋ!

ಕೆರೆದ ಪುಡಿಯೂ ನಿರಪಾಯವಾಗಿರಲಿಲ್ಲ. ಎಂಜಿನ್ ಬಡಿತ ತಡೆಯಲು ಥಾಮಸ್ ಮಿಡ್‌ಗ್ಲಿ 1921ರಲ್ಲಿ ಕಂಡುಹಿಡಿದ ಸೀಸದ ಸಂಯುಕ್ತವನ್ನು 1923ರಿಂದ ಪೆಟ್ರೋಲಿಗೆ ಬೆರೆಸತೊಡಗಿದರು. 1924ರಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಅದನ್ನು ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಗೊಂಡು ಸತ್ತರೂ ಬಳಕೆ ನಿಲ್ಲಲಿಲ್ಲ. ಭಾರತದಲ್ಲಿ ಸೀಸರಹಿತ ಪೆಟ್ರೋಲು 1995ರಲ್ಲಿ ನಾಲ್ಕು ಮಹಾನಗರಗಳಿಗೆ ಬಂತು, 2000ದ ಫೆಬ್ರುವರಿಯಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಅಲ್ಲಿಯವರೆಗೆ ಪಿಸ್ಟನ್ ತಲೆಯಿಂದ ಕೆರೆದು ಬಾಯಿಂದ ಊದಿದ ಬೂದುಬಣ್ಣದ ಪುಡಿಯಲ್ಲಿ ಸೀಸದ ಲವಣಗಳಿದ್ದವು.

ಕಾನೂನಿನ ಕಣ್ಣಿಗೂ ಈ ಕೈಗಳು ಬಿದ್ದದ್ದು ಕಡಿಮೆ. ನಮ್ಮ 1948ರ ಕಾರ್ಖಾನೆ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುತ್ತಿದ್ದುದು ವಿದ್ಯುತ್ ಬಳಸಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ. ಮೇಸ್ತ್ರಿ, ಇಬ್ಬರು ಸಹಾಯಕರು, ಒಬ್ಬ ಹುಡುಗ ಇರುವ ರಸ್ತೆಬದಿಯ ಗ್ಯಾರೇಜು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಮತ್ತೆ ಬೂದಿ ಬಳಿಯುವ ವಿದ್ಯೆ

ಕೊನೆಗೆ ದೊಡ್ಡ ಪರಿಹಾರ ಬಂದದ್ದು ನೆನೆಹಾಕುವ ತೊಟ್ಟಿಯಿಂದಲ್ಲ, ಇಂಧನದಿಂದ. ಒಂದು ತುದಿ ಲೋಹಕ್ಕೆ ಅಂಟುವ, ಇನ್ನೊಂದು ತುದಿ ಎಣ್ಣೆಯೊಡನೆ ಬೆರೆಯುವ ಉದ್ದನೆಯ ಅಣುಗಳನ್ನು ಪೆಟ್ರೋಲಿಗೇ ಸೇರಿಸಿದರೆ ಅವು ವಾಲ್ವಿನ ಮೇಲೆ ತೆಳು ಪದರವಾಗಿ ಹರಡಿ ಕಿಟ್ಟ ಅಂಟದಂತೆ ತಡೆಯುತ್ತವೆ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಇಂಥ ಶೋಧಕ ಬೆರೆಸುವುದು ಕಡ್ಡಾಯವಾಯಿತು. ಒಲೆಗಿಡುವ ಮೊದಲೇ ಪಾತ್ರೆಗೆ ಬೂದಿ ಬಳಿಯುವುದಕ್ಕೂ ಇದಕ್ಕೂ ತತ್ವದಲ್ಲಿ ಹೆಚ್ಚು ಅಂತರವಿಲ್ಲ.

ಹಾಗೆಂದು ಕಿಟ್ಟ ಸೋತಿಲ್ಲ. 1996ರಲ್ಲಿ ಮಿತ್ಸುಬಿಷಿ ಕಂಪನಿ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಕಾರನ್ನು ಮಾರುಕಟ್ಟೆಗೆ ತಂದಿತು, ಆಮೇಲೆ ಈ ಪದ್ಧತಿ ಲೋಕವೆಲ್ಲ ಹಬ್ಬಿತು. ಇಂಧನ ಉಳಿಯಿತು ನಿಜ, ಆದರೆ ಒಳಹೋಗುವ ವಾಲ್ವಿನ ಬೆನ್ನನ್ನು ತೊಳೆಯಲು ಈಗ ಪೆಟ್ರೋಲು ಆ ದಾರಿಯಲ್ಲಿ ಹರಿಯುವುದೇ ಇಲ್ಲ. ಅಲ್ಲಿ ಕಿಟ್ಟ ಮತ್ತೆ ಕೂತಿದೆ. ಅದನ್ನು ಬಿಡಿಸಲು ಈಗ ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಎರಚುತ್ತಾರೆ. ಚಿಪ್ಪು ಕಿಟ್ಟಕ್ಕಿಂತ ಗಟ್ಟಿ, ಲೋಹಕ್ಕಿಂತ ಮೆದು. ಹೀಗೆ ಆಧುನಿಕ ಎಂಜಿನ್ನು ಸುತ್ತು ಹಾಕಿ ಮತ್ತೆ ಉಜ್ಜುವ ವಿದ್ಯೆಗೇ ಬಂದು ನಿಂತಿದೆ.

ಜಾವಾ, ಯೆಜ್ಡಿಗಳನ್ನು ಇಂದಿಗೂ ಪ್ರೀತಿಯಿಂದ ಇಟ್ಟುಕೊಂಡವರು ಮೈಸೂರು, ಬೆಂಗಳೂರುಗಳಲ್ಲಿ ಬೇಕಾದಷ್ಟಿದ್ದಾರೆ. ಅವರ ಸೈಲೆನ್ಸರುಗಳಿಗೆ ಕಾಸ್ಟಿಕ್ ಸ್ನಾನ ಇನ್ನೂ ನಡೆಯುತ್ತದೆ. ಮುಂದಿನ ಸಲ ಗಾಡಿ ಬಿಡಲು ಹೋದಾಗ ಬಿಲ್ಲಿನ ಜತೆಗೆ ಒಂದು ವಿಷಯ ಗಮನಿಸಿ. ಸೋಡಾ ಕದಡುತ್ತಿರುವವನ ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇದೆಯೇ? ಹತ್ತಿರದಲ್ಲಿ ಒಂದು ಕೊಳಾಯಿ ಇದೆಯೇ? ಇಲ್ಲದಿದ್ದರೆ ಒಂದು ಜೊತೆ ಗವಸು ಕೊಂಡು ಗಾಡಿಯ ಕೀಲಿಯ ಜತೆಗೇ ಕೊಡಿ. ಅದರ ಬೆಲೆ ಒಂದು ಸ್ಪಾರ್ಕ್ ಪ್ಲಗ್ಗಿಗಿಂತ ಹೆಚ್ಚೇನೂ ಆಗದು.